ದ್ವೀಪದಲ್ಲಿ ಚಳಿಗಾಲದ ಕೊನೆ: ಡಿಸೆಂಬರ್‌ಗಿಂತ ಫೆಬ್ರವರಿನೇ ಜಾಸ್ತಿ ಸುಸ್ತು ಮಾಡುತ್ತಾ?

ಉತ್ತರದ_ಗಾಳಿ
ದ್ವೀಪಗಳಲ್ಲಿ ಇರೋರು, ಇದ್ದು ಬಂದೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ನಾನಿರೋದು ಸ್ಕಾಟ್ಲೆಂಡಿನ ಉತ್ತರಕ್ಕಿರೋ ಆರ್ಕ್ನಿಯಲ್ಲಿ. ಅದೂ ಕರ್ಕ್‌ವಾಲ್ ಇರೋ ದೊಡ್ಡ ದ್ವೀಪದಲ್ಲಲ್ಲ, ಹೊರಗಿನ ಸಣ್ಣದೊಂದರಲ್ಲಿ. ಬರೋ ಮುಂಚೆ ಎಲ್ಲರೂ ಹೆದರಿಸಿದ್ದು ಡಿಸೆಂಬರ್ ಬಗ್ಗೆ. ಬೆಳಿಗ್ಗೆ ಒಂಬತ್ತಕ್ಕೆ ಸೂರ್ಯ ಬಂದ, ಮೂರೂಕಾಲಿಗೆ ಹೋದ, ಅಷ್ಟೆ. ಆದ್ರೆ ಡಿಸೆಂಬರ್ ಏನೂ ಅನ್ನಿಸಲೇ ಇಲ್ಲ. ಮನೆಮನೆಗೂ ದೀಪ, ಬರೋರು ಹೋಗೋರು, ಹಬ್ಬದ ಗಡಿಬಿಡಿ.

ಈಗ ಫೆಬ್ರವರಿ ಮೂರನೇ ವಾರ. ಸಂಜೆ ಐದಕ್ಕೂ ಬೆಳಕಿದೆ. ಆದ್ರೂ ಊರಿಗೆ ಊರೇ ಮುಖ ಗಂಟು ಹಾಕ್ಕೊಂಡಿದೆ. ಪಕ್ಕದ ಮನೆ ರೈತ ಕಪ್ಪು ಪ್ಲಾಸ್ಟಿಕ್ ಸುತ್ತಿದ ಮೇವಿನ ಉಂಡೆಗಳನ್ನ ದಿನಾ ಎಣಿಸ್ತಾನೆ. ನವೆಂಬರ್ ಹೊತ್ತಿಗೆ ಕೊಟ್ಟಿಗೆ ಸೇರಿದ ದನ ಮತ್ತೆ ಹೊರಗೆ ಬರೋದು ಮೇ ತಿಂಗಳಲ್ಲಿ, ಅಲ್ಲಿವರೆಗೂ ಇದೇ ಮೇವು ಸಾಲಬೇಕು. ನಮ್ಮ ಅಡುಗೆಮನೆ ಕಿಟಕಿ ಮೇಲೆ ಉಪ್ಪು ಬೆಳ್ಳಗೆ ಕೂತಿದೆ, ಬೆರಳಲ್ಲಿ ಗೀರಿದ್ರೆ ಗೆರೆ ಬೀಳುತ್ತೆ. ತೊಳೆದ ಮಾರನೇ ದಿನ ಮತ್ತೆ ಅದೇ.

ಬೆಳಕು ವಾಪಸ್ ಬರ್ತಿರೋವಾಗ ಜನ ಯಾಕೆ ಇಷ್ಟು ಸೋತು ಕೂರ್ತಾರೆ? ನಿಮ್ಮ ಕಡೆನೂ ಹೀಗೇನಾ?

ಸುಮ್ನೆ_ಓದ್ತೀನಿ
ಹಿಮದ ಫೋಟೋ ಹಾಕಿ ಮೇಡಂ!

ಉತ್ತರದ_ಗಾಳಿ
ಹಿಮ ಎಲ್ಲಿಂದ ತರ್ಲಿ? ಇಲ್ಲಿ ಬಿದ್ರೂ ನಿಲ್ಲೋದು ಕಡಿಮೆ. ಗಾಳಿ ಫೋಟೋ ಬೇಕಾದ್ರೆ ಹಾಕ್ತೀನಿ, ಅಡ್ಡಡ್ಡ ಬಗ್ಗಿರೋ ಹುಲ್ಲು.

ಲೆಕ್ಕದ_ಮೇಷ್ಟ್ರು
59 ಡಿಗ್ರಿ ಉತ್ತರ ಅಂದ ಕೂಡಲೇ ಜನ ಹಿಮಕರಡಿ ನೆನಪಿಸ್ಕೋತಾರೆ. ಅಟ್ಲಾಂಟಿಕ್‌ನ ಬೆಚ್ಚನೆ ಪ್ರವಾಹ ಹಾದುಹೋಗೋದ್ರಿಂದ ಆರ್ಕ್ನಿಯಲ್ಲಿ ಫೆಬ್ರವರಿಯ ಹಗಲು ಸಾಮಾನ್ಯವಾಗಿ ಆರೇಳು ಡಿಗ್ರಿ ಇರುತ್ತೆ. ತೊಂದರೆ ಥರ್ಮಾಮೀಟರ್‌ದಲ್ಲ, ಗಾಳಿದು.

ಮೂಲ ಪ್ರಶ್ನೆಗೆ ಒಂದು ಉತ್ತರ ಸಮುದ್ರದಲ್ಲೇ ಇದೆ. ಹಗಲು ಅತಿ ಚಿಕ್ಕದಾಗೋದು ಡಿಸೆಂಬರ್ 21ರ ಸುಮಾರಿಗೆ. ಆದ್ರೆ ನೀರು ನಿಧಾನಕ್ಕೆ ತಣ್ಣಗಾಗುತ್ತೆ, ನಿಧಾನಕ್ಕೆ ಬಿಸಿಯಾಗುತ್ತೆ. ಅಲ್ಲಿನ ಕಡಲು ಅತಿ ತಣ್ಣಗಿರೋದು ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ. ಸುತ್ತಲೂ ಅದೇ ನೀರು, ಬೀಸೋ ಗಾಳಿನೂ ಅದರ ಮೇಲಿಂದಲೇ ಬರೋದು. ಹಾಗಾಗಿ ಕಣ್ಣಿಗೆ ವಸಂತ, ಮೈಗೆ ಮಾತ್ರ ಇನ್ನೂ ಚಳಿಗಾಲ. ಫೆಬ್ರವರಿಯಲ್ಲಿ ಅಲ್ಲಿ ಹಗಲು ದಿನಕ್ಕೆ ಹೆಚ್ಚುಕಮ್ಮಿ ಐದು ನಿಮಿಷದಂತೆ ಬೆಳೆಯುತ್ತೆ. ತಿಂಗಳ ಶುರುವಲ್ಲಿ ಎಂಟು ಗಂಟೆ ಇದ್ದದ್ದು ಕೊನೆಗೆ ಹತ್ತೂಕಾಲು ದಾಟುತ್ತೆ. ಇಷ್ಟು ಬೇಗ ಬೆಳಕು ಬಂದ್ರೆ ಮನಸ್ಸು ಮುಂದೆ ಓಡುತ್ತೆ, ಹವೆ ಹಿಂದೆನೇ ಉಳಿಯುತ್ತೆ.

ಕಡಲಕಾಗೆ
ಮೇಷ್ಟ್ರೇ, ಲೆಕ್ಕ ಸರಿ. ಆದ್ರೆ 'ಮುಖ ಗಂಟು' ಅನ್ನೋದನ್ನ ನಾನು ಒಪ್ಪಲ್ಲ. ನಾನು ಶೆಟ್‌ಲೆಂಡಿನಲ್ಲಿದೀನಿ, ಆರ್ಕ್ನಿಗಿಂತ ಇನ್ನೂ ಉತ್ತರಕ್ಕೆ. ನಮಗೆ ಫೆಬ್ರವರಿ ಅಂದ್ರೆ ಬೆಂಕಿ ಹಬ್ಬಗಳ ಕಾಲ. ಲರ್ವಿಕ್‌ನ ದೊಡ್ಡ ಅಪ್ ಹೆಲಿ ಆ ಜನವರಿಯ ಕೊನೇ ಮಂಗಳವಾರ ಮುಗಿಯುತ್ತೆ, ಟಿವಿಯೋರು ಕ್ಯಾಮೆರಾ ಮಡಚ್ಕೊಂಡು ಹೋಗ್ತಾರೆ. ಹಳ್ಳಿಗಳದ್ದು ಹೆಚ್ಚಿನವು ಬರೋದು ಆಮೇಲೆ, ಒಂದಾದ ಮೇಲೊಂದು ಮಾರ್ಚ್‌ವರೆಗೂ ನಡೆಯುತ್ತೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಕೂತು ಮರದ ಹಡಗು ಕಟ್ಟೋದು, ಒಂದು ರಾತ್ರಿ ಪಂಜು ಎಸೆದು ಸುಟ್ಟುಬಿಡೋದು. ಆಮೇಲೆ ಹಾಲಿಂದ ಹಾಲಿಗೆ ಬೆಳಗಾಗೋವರೆಗೂ ಕುಣಿತ. ನಮ್ಮಲ್ಲಿ ಯಾರಿಗೆ ಸುಸ್ತಾಗಿದ್ರೂ ಅದು ಕುಣಿದಿದ್ದಕ್ಕೆ.

ಉತ್ತರದ_ಗಾಳಿ
ಹೊಟ್ಟೆ ಉರಿಸ್ಬೇಡಿ 😄 ನಮ್ಮದ್ರಲ್ಲಿ ಇರೋದೇ ಕೆಲವು ನೂರು ಜನ. ಯಾರು ಕಟ್ಟಬೇಕು, ಯಾರು ಸುಡಬೇಕು?

ಮೀನಾಕ್ಷಿ_ಓದು
ಅದ್ರಲ್ಲಿ ಹೆಂಗಸರಿಗೆ ಜಾಗ ಇಲ್ಲ ಅಂತ ಎಲ್ಲೋ ಓದಿದ ನೆನಪು?

ಕಡಲಕಾಗೆ
ಲರ್ವಿಕ್ ಮೆರವಣಿಗೆ ತಂಡಗಳಲ್ಲಿ ಇರಲಿಲ್ಲ, ನಿಜ. 2023ರಿಂದ ಇದ್ದಾರೆ. ಹಳ್ಳಿ ಕಡೆ ಕೆಲವು ಹಬ್ಬಗಳಲ್ಲಿ ಅದಕ್ಕೂ ಮೊದಲೇ ಇದ್ರು.

ಜೋಳದ_ಹೊಲ
ಅಕ್ಕಾರ, ನಾ ಇರೋದು ಸ್ಕಾಟ್ಲೆಂಡಿನ ಪಶ್ಚಿಮದ ಕಡೆ, ಸೌತ್ ಯೂಯಿಸ್ಟ್ ದ್ವೀಪದಾಗ. ನಿಮ್ಮ ಪಕ್ಕದ ಮನಿ ರೈತ ಉಂಡಿ ಎಣಸ್ತಾನ ಅಂದ್ರಲ್ಲ, ಉತ್ತರ ಅಲ್ಲೇ ಐತಿ ನೋಡ್ರಿ. ಡಿಸೆಂಬರ್‌ನಾಗ ಕಣಜ ತುಂಬಿರ್ತದ, ಫೆಬ್ರವರಿಗೆ ತಳಾ ಕಾಣಸ್ತದ. ಮೇವು ಅಷ್ಟೇ ಅಲ್ರಿ, ಕಟಗಿ, ಎಣ್ಣಿ, ರೊಕ್ಕ, ತಾಳ್ಮಿ, ಎಲ್ಲಾ ಒಮ್ಮೆಕೇ ತಳಕ್ಕ ಬರ್ತಾವ. ಹುಲ್ಲು ಚಿಗಿಯಾಕ ಇನ್ನೂ ಎರಡು ತಿಂಗಳ ಮ್ಯಾಲ ಬೇಕು. ರೈತನ ಮಗಾ ಇದೀನಿ, ಹಿಂಗಾರಿ ಕೈ ಕೊಟ್ಟ ವರ್ಷದ ಬ್ಯಾಸಗಿ ಹೆಂಗಿರ್ತದ ಅಂತ ಗೊತ್ತೈತಿ. ಇದೂ ಅದ ಲೆಕ್ಕ.

ಆದ್ರ ಇಲ್ಲಿ ಮಂದಿ ಕೈ ಕಟಕೊಂಡು ಕುಂಡ್ರೂದಿಲ್ರಿ. ಬಿರುಗಾಳಿ ಬಂದು ಹೋದ ಮರುದಿನ ದಂಡಿಗೆ ಕಡಲಪಾಚಿ ರಾಶಿ ರಾಶಿ ಬಿದ್ದಿರ್ತದ. ಟ್ರ್ಯಾಕ್ಟರ್ ತಗೊಂಡು ಹೋಗಿ ಹೇರಕೊಂಡು ಬಂದು ಹೊಲಕ್ಕ ಹಾಕ್ತಾರ. ಇಲ್ಲಿ ದಂಡಿ ಹೊಲ ಅಂದ್ರ ಮಣ್ಣು ಕಡಿಮಿ, ಬರೇ ಶಂಖ ಚಿಪ್ಪು ಪುಡಿಯಾದ ಉಸುಕು. ಆ ಪಾಚಿ ಕೊಳತು ಗೊಬ್ಬರ ಆಗ್ತದ, ಉಸುಕು ಗಾಳಿಗೆ ಹಾರದಂಗ ಹಿಡಕೊಂತದ. ಅದರ ಮ್ಯಾಲ ಓಟ್ಸ್, ರೈ, ಬಾರ್ಲಿ ಬಿತ್ತತಾರ. ವಾಸನಿ ಮಾತ್ರ ಕೇಳಬ್ಯಾಡ್ರಿ.

ಸುಮ್ನೆ_ಓದ್ತೀನಿ
ಸಮುದ್ರದ ಪಾಚಿ ಹಾಕಿದ್ರೆ ಹೊಲ ಉಪ್ಪಾಗಲ್ವಾ?

ಜೋಳದ_ಹೊಲ
ಇಲ್ಲಿ ಬೀಳೂ ಮಳಿಗೆ ಉಪ್ಪು ಎಲ್ಲಿ ನಿಲ್ತದೋ ಮಾರಾಯ. ತೊಳಕೊಂಡು ಹೋಗ್ತದ.

ಉತ್ತರದ_ಗಾಳಿ
ಪಾಚಿ ಅಂದ್ರಲ್ಲ, ನಮ್ಮ ಉತ್ತರ ತುದಿಯ ನಾರ್ತ್ ರೊನಾಲ್ಡ್‌ಸೇ ದ್ವೀಪದ ಕುರಿಗಳು ತಿನ್ನೋದೇ ಅದನ್ನ. ದ್ವೀಪದ ಸುತ್ತ ಸುಮಾರು 21 ಕಿಲೋಮೀಟರ್ ಕಲ್ಲುಗೋಡೆ ಇದೆ, 1832ರಲ್ಲಿ ಕಟ್ಟಿದ್ದು, ಗಾರೆ ಇಲ್ಲದೆ ಬರೀ ಕಲ್ಲು ಪೇರಿಸಿದ್ದು. ಸಾಮಾನ್ಯವಾಗಿ ಕುರಿ ಒಳಗಿರಲಿ ಅಂತ ಗೋಡೆ ಕಟ್ತಾರೆ, ಇಲ್ಲಿ ಹೊಲಕ್ಕೆ ಬರದೆ ದಡದಲ್ಲೇ ಇರಲಿ ಅಂತ! ಮರಿ ಹಾಕೋ ಕಾಲಕ್ಕೆ ಮಾತ್ರ ತಾಯಿಕುರಿಗಳನ್ನ ಒಳಗೆ ಬಿಡ್ತಾರೆ. ಅವು ಗಡಿಯಾರ ನೋಡಲ್ಲ, ಇಳಿತ ನೋಡ್ಕೊಂಡು ಮೇಯ್ತವೆ, ಉಬ್ಬರ ಬಂದಾಗ ಮಲಗಿ ಮೆಲುಕು ಹಾಕ್ತವೆ. ನಾವೆಲ್ಲ ಬಿರುಗಾಳಿಗೆ ಶಾಪ ಹಾಕಿದ್ರೆ ಅವಕ್ಕೆ ಅದೇ ಊಟ ತಂದುಕೊಡುತ್ತೆ.

ಗೋಡೆಗೆ ಮಾತ್ರ ಅದೇ ಬಿರುಗಾಳಿ ಶತ್ರು. ಪ್ರತಿ ಚಳಿಗಾಲನೂ ಎಲ್ಲಾದ್ರೂ ಒಂದು ಕಡೆ ಅಲೆ ಹೊಡೆದು ಬೀಳಿಸುತ್ತೆ, ಬೇಸಿಗೆಯಲ್ಲಿ ಜನ ಸೇರಿ ಮತ್ತೆ ಪೇರಿಸ್ತಾರೆ.

ಲೆಕ್ಕದ_ಮೇಷ್ಟ್ರು
ಆ ಕುರಿಗಳ ಮೈ ತಾಮ್ರವನ್ನ ಹೀರೋದು ತುಂಬಾ ಜೋರು. ಪಾಚಿಯಲ್ಲಿ ತಾಮ್ರ ಕಡಿಮೆ, ಅದಕ್ಕೆ ಹೊಂದಿಕೊಂಡುಬಿಟ್ಟಿವೆ. ಬೇರೆ ಕುರಿಗಳ ಹಾಗೆ ವರ್ಷವಿಡೀ ಹುಲ್ಲು ತಿನ್ನಿಸಿದ್ರೆ ತಾಮ್ರ ಮೈಯಲ್ಲಿ ಸೇರಿ ವಿಷ ಆಗೋ ಅಪಾಯ ಇದೆ.

ಬೆಂಗ್ಳೂರ್_ಲ್ಯಾಪ್‌ಟಾಪ್
ಇಲ್ಲಿ ಒಂದು ದಡ್ಡ ಪ್ರಶ್ನೆ. ನನ್ನದು ಮನೆಯಿಂದ ಕೆಲಸ. ಯುಕೆ ವೀಸಾ ಇದೆ, ಈಗ ಲೀಡ್ಸ್‌ನಲ್ಲಿದೀನಿ. ಇಂಥ ಒಂದು ದ್ವೀಪದಲ್ಲಿ ಒಂದು ವರ್ಷ ಇದ್ದುಬಿಡೋಣ ಅಂತ ಆಸೆ. ಶಾಂತಿ, ಕಡಲು, ಪುಸ್ತಕ. ಏನಂತೀರಾ?

ಕಡಲಕಾಗೆ
ಜೂನ್‌ನಲ್ಲಿ ನೋಡಿ ಮನೆ ಮಾಡೋರು ಫೆಬ್ರವರಿಯಲ್ಲಿ ಮನೆ ಖಾಲಿ ಮಾಡ್ತಾರೆ. ಮೊದಲು ಫೆಬ್ರವರಿಯಲ್ಲಿ ಬಂದು ನೋಡಿ.

ಮಾರಾಯ್ರೆ_ಕೇಳಿ
ಶಾಂತಿ ಅಂತೆ! ಮಾರಾಯ್ರೆ, ಅಲ್ಲಿ ಗಾಳಿ ಬೊಬ್ಬೆ ಹೊಡೆಯುವುದಕ್ಕೆ ರಾತ್ರಿ ನಿದ್ರೆಯೇ ಬರುವುದಿಲ್ಲ. ನಾನು ಹಡಗಿನಲ್ಲಿ ಇಂಜಿನಿಯರ್ ಆಗಿದ್ದವ, ಪೆಂಟ್‌ಲೆಂಡ್ ಫರ್ತ್ ದಾಟಿ ಗೊತ್ತುಂಟು. ಆರ್ಕ್ನಿಗೂ ಸ್ಕಾಟ್ಲೆಂಡಿನ ಮುಖ್ಯ ನೆಲಕ್ಕೂ ನಡುವೆ ಇರುವ ಜಲಸಂಧಿ ಅದು. ಅಟ್ಲಾಂಟಿಕ್ ಒಂದು ಬದಿ, ಉತ್ತರ ಸಮುದ್ರ ಇನ್ನೊಂದು ಬದಿ. ಉಬ್ಬರ ಇಳಿತದ ನೀರೆಲ್ಲ ಆ ಸಂದಿನಲ್ಲಿಯೇ ನುಗ್ಗಬೇಕು. ಹತ್ತು ನಾಟ್ ಮೀರಿದ ಸೆಳೆತ. ನೀರು ಒಂದು ಕಡೆಗೆ ಓಡುವಾಗ ಗಾಳಿ ಎದುರಿನಿಂದ ಬಂತೋ, ಅಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ.

ಜನ ಕೇಳುವುದುಂಟು, "ಬಿಸಿಲಿದೆಯಲ್ಲ, ಬೋಟ್ ಯಾಕೆ ಇಲ್ಲ?" ಅಂತ. ಬಿಸಿಲಿಗೂ ಬೋಟಿಗೂ ಸಂಬಂಧವೇ ಇಲ್ಲ. ಗಾಳಿ ನಿಂತರೂ ದೂರದಲ್ಲೆಲ್ಲೋ ಎದ್ದ ಅಲೆ ಎರಡು ದಿನ ಕಳೆದು ಬಂದು ಜೆಟ್ಟಿಗೆ ಬಡಿಯುತ್ತದೆ. ಕ್ಯಾಪ್ಟನ್‌ಗೆ ಕಷ್ಟ ನಡು ಕಡಲಲ್ಲಿ ಅಲ್ಲ, ಜೆಟ್ಟಿಗೆ ತಾಗಿಸುವಾಗ. ಇನ್ನೊಂದುಂಟು: ಅಲ್ಲಿನ ದೊಡ್ಡ ಹಡಗುಗಳು ವರ್ಷದ ರಿಪೇರಿಗೆ ಡ್ರೈ ಡಾಕ್‌ಗೆ ಹೋಗುವುದೇ ಹೆಚ್ಚಾಗಿ ಚಳಿಗಾಲದಲ್ಲಿ, ಪ್ರವಾಸಿಗರು ಇಲ್ಲದ ತಿಂಗಳು ನೋಡಿ. ಹವೆ ಅತಿ ಕೆಟ್ಟಿರುವಾಗ ಹಡಗು ಅತಿ ಕಡಿಮೆ! ನಿಮ್ಮ ಸುಸ್ತಿಗೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು.

ಉತ್ತರದ_ಗಾಳಿ
ಹೌದು ಹೌದು, ಇದನ್ನ ಬರೀಬೇಕು ಅಂತಲೇ ಇದ್ದೆ. ಹೋದ ವಾರ ಬೋಟ್ ರದ್ದು, ಅಂಗಡಿಯಲ್ಲಿ ಹಾಲು ಬ್ರೆಡ್ಡಿನ ಕಪಾಟು ಬರಿದು. ಯಾರೂ ಗಾಬರಿ ಬೀಳಲಿಲ್ಲ, ಎಲ್ಲರ ಮನೇಲೂ ಫ್ರೀಜರ್ ತುಂಬಿರುತ್ತೆ. ಬೇಜಾರಾಗೋದು ಹಸಿವಿಗಲ್ಲ. "ನಾಳೆ ಬೆಳಿಗ್ಗೆ ಆರಕ್ಕೆ ತಿಳಿಸ್ತೀವಿ" ಅನ್ನೋ ಮೆಸೇಜ್ ಇದೆಯಲ್ಲ, ಅದಕ್ಕೆ. ದಂತವೈದ್ಯರ ಹತ್ತಿರ ಸಮಯ ತಗೊಂಡಿರ್ತೀರಿ, ಬೋಟ್ ಇಲ್ಲ. ಮತ್ತೆ ಸಮಯ ತಗೋಬೇಕು, ಮತ್ತೆ ಬೋಟ್ ಇಲ್ಲ. ಡಿಸೆಂಬರ್‌ನಲ್ಲಿ ಒಂದು ಸಲ ಆದ್ರೆ ನಗು ಬರುತ್ತೆ. ಫೆಬ್ರವರಿಗೆ ಬರೋ ಹೊತ್ತಿಗೆ ಆ ನಗು ಖರ್ಚಾಗಿಬಿಟ್ಟಿರುತ್ತೆ.

ಲ್ಯಾಪ್‌ಟಾಪ್ ಅವರಿಗೆ ಒಂದು ಕಿವಿಮಾತು: ಇಲ್ಲಿ ಕಾರು ನಿಲ್ಲಿಸೋವಾಗ ಮೂತಿ ಗಾಳಿ ಕಡೆಗೇ ಇರಲಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿಸಿ ಬಾಗಿಲು ತೆಗೆದ್ರೆ ಕೈಯಿಂದ ಕಿತ್ಕೊಂಡು ಮುಂದಕ್ಕೆ ಮಡಚುತ್ತೆ, ಹಿಂಜೇನೇ ತಿರುಚ್ಕೊಳ್ಳುತ್ತೆ. ಬಾಗಿಲು ಸರಿಯಾಗಿ ಮುಚ್ಚದ ಕಾರು ಕಂಡ್ರೆ ಊರಿನೋರು ಕೇಳೋದೇ ಇಲ್ಲ, ಹೊಸಬರು ಅಂತ ಗೊತ್ತಾಗಿರುತ್ತೆ.

ಬೆಂಗ್ಳೂರ್_ಲ್ಯಾಪ್‌ಟಾಪ್
ಬೋಟ್ ಇಲ್ದಿದ್ರೆ ವಿಮಾನ ಇದೆಯಲ್ಲ? 53 ಸೆಕೆಂಡಿನ ವಿಮಾನ ಅಂತ ವಿಡಿಯೋ ನೋಡಿದೀನಿ.

ಲೆಕ್ಕದ_ಮೇಷ್ಟ್ರು
53 ಸೆಕೆಂಡ್ ಅನ್ನೋದು ದಾಖಲೆ, ದಿನಾ ಅಷ್ಟೇ ಅಲ್ಲ. ಆರ್ಕ್ನಿಯ ವೆಸ್ಟ್‌ರೇ ಮತ್ತು ಪಾಪಾ ವೆಸ್ಟ್‌ರೇ ದ್ವೀಪಗಳ ನಡುವೆ ಸುಮಾರು 2.7 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಎಂಟು ಪ್ರಯಾಣಿಕರ ಪುಟ್ಟ ವಿಮಾನ. ಪ್ರವಾಸಿಗರಿಗೆ ಅದು ಮೋಜು, ಅಲ್ಲಿನ ಜನಕ್ಕೆ ಬಸ್ಸು.

ಉತ್ತರದ_ಗಾಳಿ
ಮತ್ತೆ ಮಂಜು ಕವಿದ್ರೆ ವಿಮಾನ ಇಲ್ಲ, ಗಾಳಿ ಎದ್ರೆ ಬೋಟ್ ಇಲ್ಲ. ಎರಡೂ ಒಟ್ಟಿಗೆ ಬರಲ್ಲ ಅನ್ನೋದೊಂದೇ ಸಮಾಧಾನ.

ಜೋಳದ_ಹೊಲ
ನಮ್ಮ ಬಾಜೂಕ ಬಾರಾ ದ್ವೀಪದಾಗ ವಿಮಾನ ಇಳಿಯೂದೇ ಕಡಲದಂಡಿ ಉಸುಕಿನ ಮ್ಯಾಲ. ಉಬ್ಬರ ಬಂತಂದ್ರ ರನ್‌ವೇ ನೀರಾಗ! ಟೈಮ್‌ಟೇಬಲ್ ಬರಿಯಾವ ಚಂದ್ರ ಅಂತ ತಿಳ್ಕೋರಿ.

ಹಿಮದಾರಿ
ನೀವೆಲ್ಲ ಹಡಗಿಗೆ ಕಾಯ್ತೀರಿ. ನಾವು ಕಡಲು ಹೆಪ್ಪುಗಟ್ಟಲಿ ಅಂತ ಕಾಯ್ತೀವಿ. ನಾನಿರೋದು ಎಸ್ಟೋನಿಯಾದಲ್ಲಿ, ಹೆಂಡತಿ ತವರು ಹೀಯುಮಾ ದ್ವೀಪ. ಚಳಿ ಚೆನ್ನಾಗಿ ಬಿದ್ದ ವರ್ಷ ಮುಖ್ಯ ನೆಲದಿಂದ ಅಲ್ಲಿಗೆ ಸಮುದ್ರದ ಮೇಲೇ ರಸ್ತೆ ಬಿಡ್ತಾರೆ, ಸುಮಾರು 26 ಕಿಲೋಮೀಟರ್. ನಿಯಮ ಕೇಳಿ: ಸೀಟ್ ಬೆಲ್ಟ್ ಹಾಕೋ ಹಾಗಿಲ್ಲ! ಮಂಜುಗಡ್ಡೆ ಬಿರಿದ್ರೆ ತಕ್ಷಣ ಹೊರಗೆ ಹಾರ್ಬೇಕಲ್ಲ. ವೇಗನೂ ಅಷ್ಟೆ, ಒಂದೋ 25ಕ್ಕಿಂತ ನಿಧಾನ ಹೋಗ್ಬೇಕು, ಇಲ್ಲಾ 40ರಿಂದ 70ರ ಒಳಗೆ. ನಡುವಿನ ವೇಗದಲ್ಲಿ ಹೋದ್ರೆ ಮಂಜಿನ ಕೆಳಗೆ ನೀರಲ್ಲಿ ಅಲೆ ಎದ್ದು ಗಾಡಿ ಜೊತೆಗೇ ಓಡಿ ಮಂಜನ್ನ ಒಡೆಯಬಹುದು. ಗಾಡಿಗಳ ನಡುವೆ ಅಂತರ ಬಿಡಬೇಕು, ಕತ್ತಲಾದ ಮೇಲೆ ಹೋಗೋ ಹಾಗಿಲ್ಲ.

ನಮ್ಮಲ್ಲೂ ಚಳಿಗಾಲದ ಕೊನೆನೇ ಕಷ್ಟ. ಮಂಜು ನಡೆಯೋಕೆ ತೆಳುವಾಗಿರುತ್ತೆ, ಸಣ್ಣ ದೋಣಿಗೆ ದಪ್ಪ ಆಗಿರುತ್ತೆ. ಹೀಯುಮಾಗೆ ದೊಡ್ಡ ಫೆರ್ರಿ ಇದೆ, ಪರವಾಗಿಲ್ಲ. ಫಿನ್‌ಲೆಂಡ್ ಕಡೆ ಚಿಕ್ಕಚಿಕ್ಕ ದ್ವೀಪಗಳಲ್ಲಿರೋರು ಆಗ ಹೈಡ್ರೋಕಾಪ್ಟರ್ ಹತ್ತಬೇಕು. ದೋಣಿ ತಳ, ಹಿಂದೆ ವಿಮಾನದ ಥರ ಫ್ಯಾನ್, ನೀರಲ್ಲೂ ಹೋಗುತ್ತೆ ಮಂಜಿನ ಮೇಲೂ ಹೋಗುತ್ತೆ.

ಸುಮ್ನೆ_ಓದ್ತೀನಿ
ಸೀಟ್ ಬೆಲ್ಟ್ ಹಾಕಿದ್ರೆ ದಂಡ ಹಾಕೋ ರಸ್ತೆ. ಇದು ನನ್ನ ಅಮ್ಮನಿಗೆ ಗೊತ್ತಾಗಬಾರದು.

ಮೀನಾಕ್ಷಿ_ಓದು
ಅಮೆರಿಕದ ಮ್ಯಾಕಿನಾ ದ್ವೀಪದಲ್ಲೂ ಹೀಗೇ. ಸರೋವರ ಗಟ್ಟಿಯಾದಾಗ ಹಬ್ಬ ಮುಗಿದ ಕ್ರಿಸ್‌ಮಸ್ ಮರಗಳನ್ನ ಸಾಲಾಗಿ ಮಂಜಲ್ಲಿ ನೆಟ್ಟು ದಾರಿ ಗುರುತು ಮಾಡ್ತಾರೆ, ಸ್ನೋಮೊಬೈಲ್‌ಗಳು ಅದರ ಗುಂಟ ಹೋಗ್ತವೆ. ಆ ದ್ವೀಪದಲ್ಲಿ 1898ರಿಂದ ಕಾರಿಗೆ ನಿಷೇಧ.

ಬೆಂಗ್ಳೂರ್_ಲ್ಯಾಪ್‌ಟಾಪ್
ಇಷ್ಟೆಲ್ಲ ಒದ್ದಾಟ ಯಾಕೆ, ಸೇತುವೆ ಕಟ್ಟಿದ್ರಾಯ್ತಲ್ಲ?

ಮಾರಾಯ್ರೆ_ಕೇಳಿ
ಬಂತು ನೋಡಿ, ಬೆಂಗಳೂರಿನವರ ಫ್ಲೈಓವರ್ ಬುದ್ಧಿ!

ಹಿಮದಾರಿ
ನಗಬೇಡಿ, ಫೆರೋ ದ್ವೀಪದೋರು ಮಾಡೇ ತೋರಿಸಿದಾರೆ. ಸೇತುವೆ ಅಲ್ಲ, ಕಡಲಡಿಯ ಸುರಂಗ. 2020ರಲ್ಲಿ ತೆರೆದ ಒಂದರೊಳಗೆ ಸಮುದ್ರದ ಕೆಳಗೇ ಸರ್ಕಲ್ ಇದೆ! 2023ರ ಕೊನೆಗೆ ಸಾಂಡೋಯ್ ದ್ವೀಪಕ್ಕೂ ಒಂದು ಆಯ್ತು. ಗಾಳಿ ಎಷ್ಟೇ ಇರಲಿ, ಕೆಲಸಕ್ಕೆ ಹೋಗಿ ಮನೆಗೆ ಬರಬಹುದು.

ಕಡಲಕಾಗೆ
ಶೆಟ್‌ಲೆಂಡಿನಲ್ಲೂ ಅನ್ಸ್ಟ್, ಯೆಲ್ ದ್ವೀಪದ ಜನ ಅದನ್ನೇ ಕೇಳ್ತಿದಾರೆ. ಹಳೇ ಫೆರ್ರಿಗಳನ್ನ ಬದಲಾಯಿಸೋ ಖರ್ಚನ್ನೇ ಸುರಂಗಕ್ಕೆ ಹಾಕಿ ಅಂತ. ನಾನೂ ಆ ಪಕ್ಷನೇ. ಯುವಕರು ಉಳೀಬೇಕು ಅಂದ್ರೆ ದಾರಿ ಬೇಕು.

ಜೋಳದ_ಹೊಲ
ದಾರಿ ಆದ್ರ ಇರೂ ಯುವಕರೂ ಅದ ದಾರಿ ಹಿಡದು ಹೋಗ್ತಾರ್ರಿ. ದಾರಿಗೆ ಎರಡೂ ಕಡೆ ಬಾಯಿ ಇರ್ತಾವ.

ಕಡಲಕಾಗೆ
ಇದೇ ಮಾತು ಎಲ್ಲ ಕಡೆ ಹೇಳ್ತಾರೆ. ಹೋಗೋರು ಬೋಟಲ್ಲೂ ಹೋಗ್ತಾರೆ ಸ್ವಾಮಿ. ಸಂಜೆ ವಾಪಸ್ ಬರೋಕೆ ಆಗಲ್ಲ ಅನ್ನೋ ಕಾರಣಕ್ಕೇ ಬಹಳ ಜನ ಖಾಯಂ ಹೋಗೋದು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರೋ ಸೇಂಟ್ ಕಿಲ್ಡಾ ಕಥೆ ಗೊತ್ತಲ್ಲ? ಚಳಿಗಾಲದಲ್ಲಿ ಇಡೀ ದ್ವೀಪ ಖಾಲಿ ಮಾಡಿದ್ರು.

ಲೆಕ್ಕದ_ಮೇಷ್ಟ್ರು
ಖಾಲಿ ಮಾಡಿದ್ದು ಬೇಸಿಗೆಯಲ್ಲಿ, 1930ರ ಆಗಸ್ಟ್ 29ರಂದು. ಉಳಿದಿದ್ದ 36 ಜನ ಹೊರಟರು. ಆದ್ರೆ ನಮ್ಮನ್ನ ಇಲ್ಲಿಂದ ಕರ್ಕೊಂಡು ಹೋಗಿ ಅಂತ ಸರ್ಕಾರಕ್ಕೆ ಅರ್ಜಿ ಬರೆದದ್ದು ಆ ವರ್ಷದ ಮೇನಲ್ಲಿ, ಕಷ್ಟದ ಚಳಿಗಾಲ ಒಂದನ್ನ ದಾಟಿದ ಮೇಲೆ. ಈ ಚರ್ಚೆಗೆ ಹೊಂದೋದು ಆ ಅರ್ಜಿಯ ತಿಂಗಳು. ಕತ್ತಲಲ್ಲಿ ಯಾರೂ ಬರೆಯಲಿಲ್ಲ, ಬೆಳಕು ಬಂದು ಸುತ್ತ ನೋಡಿದಾಗ ಬರೆದ್ರು.

ಉತ್ತರದ_ಗಾಳಿ
ಮೇಷ್ಟ್ರೇ, ಇದು ನನಗೆ ಹೊಳೆದಿರಲಿಲ್ಲ. ಕ್ಲಿನಿಕ್‌ನಲ್ಲೂ ಹಾಗೇ ನೋಡ್ತೀನಿ (ನಾನು ನರ್ಸ್). ಡಿಸೆಂಬರ್‌ನಲ್ಲಿ ಬರೋರು ಕೆಮ್ಮು, ಜಾರಿಬಿದ್ದ ಮಂಡಿ. ಫೆಬ್ರವರಿ ಕೊನೆಗೆ ಬಂದು ಕೂತು, ಏನಾಗಿದೆ ಅಂದ್ರೆ, "ಏನೂ ಇಲ್ಲ, ಸುಮ್ಮನೆ" ಅಂತಾರೆ. ಅಂಥೋರನ್ನ ಬೇಗ ಕಳಿಸಬಾರದು ಅಂತ ಇಲ್ಲಿನ ಹಳೇ ನರ್ಸ್ ಹೇಳಿಕೊಟ್ಟಿದ್ರು.

ಮೀನಾಕ್ಷಿ_ಓದು
ಕರೆಂಟ್ ಕಥೆ ಏನು? ಆರ್ಕ್ನಿಯೋರು ಬೇಕಾದ್ದಕ್ಕಿಂತ ಜಾಸ್ತಿ ವಿದ್ಯುತ್ ಗಾಳಿಯಿಂದಲೇ ಮಾಡ್ತಾರಂತೆ. ಹಾಗಾದ್ರೆ ಮನೆ ಬೆಚ್ಚಗಿರಬೇಕಲ್ಲ?

ಉತ್ತರದ_ಗಾಳಿ
ಎಲ್ಲರೂ ಕೇಳೋ ಪ್ರಶ್ನೆ, ಎಲ್ಲರಿಗೂ ಸಿಟ್ಟು ತರಿಸೋ ಉತ್ತರ. ವರ್ಷದ ಲೆಕ್ಕದಲ್ಲಿ ಖರ್ಚಿಗಿಂತ ಉತ್ಪಾದನೆ ಜಾಸ್ತಿ, ನಿಜ. ಅಲೆಯಿಂದ, ಉಬ್ಬರ ಇಳಿತದಿಂದ ವಿದ್ಯುತ್ ತೆಗೆಯೋ ಯಂತ್ರಗಳನ್ನ ಪರೀಕ್ಷೆ ಮಾಡೋ ಕೇಂದ್ರನೂ 2003ರಿಂದ ಇಲ್ಲೇ ಇದೆ. ಆದ್ರೆ ಬಿಲ್ಲು ದೇಶದ ದರದಲ್ಲೇ ಬರುತ್ತೆ, ನಮ್ಮೂರ ಗಾಳಿ ಅಂತ ರಿಯಾಯಿತಿ ಇಲ್ಲ. ಪೈಪ್ ಗ್ಯಾಸ್ ಇಲ್ಲ. ಹಳೇ ಕಲ್ಲಿನ ಮನೆ, ಬಾಗಿಲ ಸಂದಿಂದ ಗಾಳಿ ಶಿಳ್ಳೆ ಹೊಡೆಯುತ್ತೆ. ಗುಡ್ಡದ ಮೇಲೆ ಫ್ಯಾನ್ ಗಿರಗಿರ ತಿರುಗ್ತಿರುತ್ತೆ, ಅದನ್ನ ನೋಡ್ತಾ ನಾವು ಎರಡು ಸ್ವೆಟರ್ ಹಾಕ್ಕೊಂಡು ಹೀಟರ್ ಆರಿಸ್ತೀವಿ.

ಮಾರಾಯ್ರೆ_ಕೇಳಿ
ಡ್ಯಾಮ್ ಊರಲ್ಲಿ ಇದ್ದು ಕತ್ತಲಲ್ಲಿ ಕೂರುವ ಕಥೆ ನಮಗೇನು ಹೊಸತಾ? ಬಿಡಿ.

ಕಡಲಕಾಗೆ
ವಿಷಯ ಎಲ್ಲೆಲ್ಲೋ ಹೋಯ್ತು. ಖುಷಿ ಸುದ್ದಿ ಒಂದು ಹೇಳ್ತೀನಿ. ಫೆಬ್ರವರಿ ಎಷ್ಟೇ ಕೆಟ್ಟದಾಗಿರಲಿ, ಆಯ್‌ಸ್ಟರ್‌ಕ್ಯಾಚರ್ ಹಕ್ಕಿಗಳು ದಂಡುದಂಡಾಗಿ ವಾಪಸ್ ಬರೋದು ಇದೇ ತಿಂಗಳು. ಕಪ್ಪು ಬಿಳಿ ಮೈ, ಕ್ಯಾರೆಟ್ ಬಣ್ಣದ ಉದ್ದ ಕೊಕ್ಕು, ಗಂಟಲು ಮಾತ್ರ ಮೀನು ಮಾರ್ಕೆಟ್. ಒಂದು ಬೆಳಿಗ್ಗೆ ಎದ್ರೆ ಹುಲ್ಲುಗಾವಲ ತುಂಬ ಪೀಪೀ ಅಂತ ಜಗಳ. ಶಾಂತವಾದ ದಿನ ಸಿಕ್ಕಿದ್ರೆ ಸ್ಕೈಲಾರ್ಕ್ ಕೂಡ ಮೇಲೆ ಹಾರಿ ಹಾಡೋಕೆ ಶುರು ಮಾಡುತ್ತೆ. ಪಫಿನ್ ನೋಡೋಕೆ ಬರ್ತೀನಿ ಅಂತ ಯಾರೂ ಈಗ ಟಿಕೆಟ್ ಮಾಡಬೇಡಿ, ಅವು ಬರೋದು ಏಪ್ರಿಲ್‌ಗೆ.

ಜೋಳದ_ಹೊಲ
ನಮ್ಮಲ್ಲಿ ನವಿಲಕ್ಕಿ ಬಂದಾವ, ತಲಿ ಮ್ಯಾಲ ಜುಟ್ಟು ಇರೂ ಟಿಟ್ಟಿಭ. ಹೆಸರು ಸರಿ ಐತೋ ಇಲ್ಲೋ, ಪಕ್ಷಿ ಮಂದಿ ಹೇಳ್ರಿ.

ಕಡಲಕಾಗೆ
ಟಿಟ್ಟಿಭನ ಜಾತಿಯದೇ, ಲ್ಯಾಪ್‌ವಿಂಗ್. ನವಿಲಕ್ಕಿ ಅನ್ನೋದು ನಿಮ್ಮ ಸೃಷ್ಟಿ, ಆದ್ರೆ ಚೆನ್ನಾಗಿದೆ, ಇಟ್ಕೊಳ್ಳಿ.

ಬೆಂಗ್ಳೂರ್_ಲ್ಯಾಪ್‌ಟಾಪ್
ಸರಿ, ನೀವೆಲ್ಲ ಇಷ್ಟು ಹೆದರಿಸಿದ ಮೇಲೆ ಹಠ ಬಂದಿದೆ. ಮಾರ್ಚ್ ಮೊದಲ ವಾರ ಆರ್ಕ್ನಿಗೆ ಬರ್ತೀನಿ, ಭಾನುವಾರ ವಾಪಸ್, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಫೀಸ್ ಮೀಟಿಂಗ್. ಆಗುತ್ತಲ್ವಾ?

ಉತ್ತರದ_ಗಾಳಿ
ಬನ್ನಿ, ಖಂಡಿತ. ಮೀಟಿಂಗ್‌ನ ಮಂಗಳವಾರಕ್ಕೆ ಹಾಕಿ.

ಮಾರಾಯ್ರೆ_ಕೇಳಿ
ಬುಧವಾರ ಅನ್ನಿ ಮಾರಾಯ್ರೆ.